ನಾಜಲ್ ತುದಿಯ ಹನಿ, ಗಣಕದ ಲೆಕ್ಕ

ರಾಜಘಟ್ಟದ ಹೊಲದಲ್ಲಿ ಟ್ರ್ಯಾಕ್ಟರ್ ಕಪ್ಪುಹೊಗೆ ಕಾರತೊಡಗಿದರೆ ದೊಡ್ಡಬಳ್ಳಾಪುರದ ಮೆಕ್ಯಾನಿಕ್ ಮೊದಲು ಅನುಮಾನಪಡುವುದು ಡೀಸೆಲ್ ಚಿಮ್ಮಿಸುವ ನಾಜಲ್ ಮೇಲೆ. ಅದನ್ನು ಬಿಚ್ಚಿ, ಟೆಸ್ಟರಿಗೆ ಸಿಕ್ಕಿಸಿ, ಹಿಡಿ ಒತ್ತುತ್ತಾರೆ. ಮುಳ್ಳು 200 ಬಾರ್ ಆಸುಪಾಸಿಗೆ ಏರುತ್ತಲೇ ಕಿರ್ರ್ ಎಂದು ಸದ್ದಾಗಿ ಡೀಸೆಲ್ ಮಂಜಿನಂತೆ ಚಿಮ್ಮಬೇಕು. ತೊಟ್ಟಿಕ್ಕಿತೋ, ನಾಜಲ್ ಕೆಟ್ಟಿದೆ ಅಂತಲೇ ಲೆಕ್ಕ. (ಅದರೆದುರು ಕೈ ಒಡ್ಡಬಾರದು, ಆ ಒತ್ತಡದ ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತದೆ.) ಕಣ್ಣು–ಕಿವಿಯ ಈ ತೀರ್ಪನ್ನು ಸಮೀಕರಣಕ್ಕೆ ಇಳಿಸಲು ಮಾತ್ರ ಎಂಜಿನಿಯರುಗಳು ಬಹುಕಾಲ ಒದ್ದಾಡಿದರು.

1897ರಲ್ಲಿ ಆಗ್ಸ್‌ಬರ್ಗ್‌ನಲ್ಲಿ ಯಶಸ್ವಿಯಾದ ರುಡಾಲ್ಫ್ ಡೀಸೆಲ್‌ರ ಎಂಜಿನ್‌ನಲ್ಲಿ ಇಂಧನವನ್ನು ಊದುತ್ತಿದ್ದುದು ಅದುಮಿದ ಗಾಳಿ. 1927ರಲ್ಲಿ ಬಾಷ್ ಕಂಪನಿ ಇಂಜೆಕ್ಷನ್ ಪಂಪುಗಳ ತಯಾರಿಕೆಗೆ ಇಳಿದ ಮೇಲೆ ಆ ಗಾಳಿಯ ಕಂಪ್ರೆಸರ್ ಇಲ್ಲದ ಡೀಸೆಲ್ ಲಾರಿಗಳು ಹೆಚ್ಚತೊಡಗಿದವು. 1951ರಲ್ಲಿ ಬಾಷ್ ಸಹಯೋಗದಲ್ಲಿ ಹುಟ್ಟಿದ ಮೈಕೊ ಕಂಪನಿ ಬೆಂಗಳೂರಿಗೇ ಬಂತು. ಇಷ್ಟಾದರೂ ಸಿಲಿಂಡರಿನೊಳಗೆ ಹನಿ ಏನಾಗುತ್ತದೆಂದು ತಿಳಿಯಲು ಪ್ರಯೋಗವೊಂದೇ ದಾರಿಯಾಗಿತ್ತು.

ಲೆಕ್ಕದ ತೊಡಕಿರುವುದು ಹನಿಗಳ ಸಂಖ್ಯೆಯಲ್ಲಿ. ಕೆಲವೇ ಮಿಲಿಸೆಕೆಂಡಿನ ಒಂದು ಚಿಮ್ಮಿಗೆ ಕೋಟಿಗಟ್ಟಲೆ ಹನಿ. ಒಂದೊಂದನ್ನೂ ಹಿಂಬಾಲಿಸಲು ಆಗಿನ ಗಣಕಗಳಿಗೆ ಸಾಧ್ಯವಿರಲಿಲ್ಲ. 1980ರಲ್ಲಿ ಅಮೆರಿಕದ ಲಾಸ್ ಅಲಮೋಸ್ ಪ್ರಯೋಗಾಲಯದ ಡುಕೊವಿಚ್ ಉಪಾಯವೊಂದನ್ನು ಮುಂದಿಟ್ಟರು: ಒಂದೇ ಗಾತ್ರ, ಒಂದೇ ವೇಗದ ಹನಿಗಳನ್ನು ಒಂದು ಗಂಟು ಕಟ್ಟಿ, ಗಂಟಿಗೊಂದು ಲೆಕ್ಕ ಮಾಡುವುದು. ಕಿರಾಣಿ ಅಂಗಡಿಯವರು ರಾಗಿಯನ್ನು ಕಾಳೆಣಿಸದೆ ಮೂಟೆಯಲ್ಲಿ ಎಣಿಸಿದಂತೆ. ಅಣುಬಾಂಬ್ ಹುಟ್ಟಿದ ಅದೇ ಪ್ರಯೋಗಾಲಯದಿಂದ 1985ರಲ್ಲಿ ಎಂಜಿನ್‌ಗಳಿಗೆಂದೇ ಕೀವಾ ಎಂಬ ತಂತ್ರಾಂಶ ಹೊರಬಂತು. 1987ರಲ್ಲಿ ಹನಿ ಒಡೆಯುವ ಬಗೆಗೆ ಎರಡು ಲೆಕ್ಕಗಳು ಬಂದವು. ಸಂಶೋಧಕರಾದ ಒರೂರ್ಕ್ ಮತ್ತು ಆಮ್ಸ್‌ಡನ್ ಹನಿಯನ್ನು ಸ್ಪ್ರಿಂಗ್ ಎಂದು ಬಗೆದರು. ಮಿತಿಮೀರಿ ಅದುರಿದರೆ ಒಡೆಯಿತು. ಇನ್ನೊಬ್ಬ ಸಂಶೋಧಕ ರೈಟ್ಸ್ ಹನಿಯ ಮೈಮೇಲೆ ಏಳುವ ಅಲೆಗಳನ್ನು ಲೆಕ್ಕಕ್ಕೆ ಹಿಡಿದರು.

ಇಂಥ ತಂತ್ರಾಂಶ ಗಣಕದ ತೆರೆಯ ಮೇಲೆ ಮೂಡಿಸುವ ಬಣ್ಣಬಣ್ಣದ ಚಿತ್ರಕ್ಕೆ ಮರುಳಾಗುವ ಮುನ್ನ ಒಂದು ಗುಟ್ಟು ತಿಳಿದಿರಲಿ. ಲೆಕ್ಕಕ್ಕೆಂದು ಸಿಲಿಂಡರನ್ನು ಚೌಕಗಳಾಗಿ ಕತ್ತರಿಸುವ ಬಲೆಯ ಕಣ್ಣು ದೊಡ್ಡದು ಚಿಕ್ಕದಾದರೆ ಚಿಮ್ಮು ಹೋಗುವ ದೂರವೂ ಬದಲಾಗುತ್ತದೆ. ಹನಿ ಒಡೆಯುವ ಸಮೀಕರಣಗಳ ಸ್ಥಿರಾಂಕಗಳನ್ನೂ ಪ್ರಯೋಗದ ಫಲಿತಾಂಶ ನೋಡಿಯೇ ತಿರುಪಬೇಕು.

ಡೀಸೆಲ್ ಬದಲಿಗೆ ಬಳಸಹೊರಟ ನಮ್ಮ ಬದುಗಳ ಹೊಂಗೆಯ ಎಣ್ಣೆ ಈ ಲೆಕ್ಕಕ್ಕೆ ದೊಡ್ಡ ಪರೀಕ್ಷೆಯನ್ನೇ ಒಡ್ಡಿತು. 1900ರ ಪ್ಯಾರಿಸ್ ಪ್ರದರ್ಶನದಲ್ಲಿ ಡೀಸೆಲ್ ಎಂಜಿನ್ ಕಡಲೆಕಾಯಿ ಎಣ್ಣೆಯಲ್ಲೂ ಓಡಿತ್ತು, ನಿಜ. ಆದರೆ ಹೊಂಗೆ ಎಣ್ಣೆ ಡೀಸೆಲ್‌ಗಿಂತ ಸುಮಾರು ಹತ್ತು ಪಟ್ಟು ಮಂದ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಆರ್.ವಿ. ರವಿಕೃಷ್ಣ ಅವರ ತಂಡ ಹೊಂಗೆ, ಜತ್ರೋಫಾ ಎಣ್ಣೆಗಳ ಚಿಮ್ಮನ್ನು ಸೂಕ್ಷ್ಮವಾಗಿ ಚಿತ್ರಿಸಿ 2012ರಲ್ಲಿ ಪ್ರಕಟಿಸಿತು: ಬಯಲಿನ ಗಾಳಿಯಷ್ಟೇ ಒತ್ತಡವಿರುವಲ್ಲಿಗೆ 1600 ಬಾರ್‌ನಲ್ಲಿ ಚಿಮ್ಮಿಸಿದರೂ ನಾಜಲ್ ಬಳಿ ಎಣ್ಣೆ ಒಡೆಯದೆ ಅಖಂಡ ಎಳೆಯಾಗಿಯೇ ಉಳಿಯುತ್ತದೆ. ಡೀಸೆಲ್‌ಗೆ ಹೊಂದಿಸಿದ ಸ್ಥಿರಾಂಕಗಳನ್ನೇ ಹೊಂಗೆಗೂ ತುಂಬಿದರೆ ಗಣಕವೇನೂ ತಕರಾರು ಮಾಡದು. ಒಡೆಯದ ಎಳೆಯನ್ನೂ ಒಡೆದು ತೋರಿಸಿಬಿಡಬಹುದು.