ಗಣಕ ಬದಲಾದರೂ ಅಕ್ಷರ ಅಳಿಯದಿರಲಿ

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳ ಸೀಮೆಯಲ್ಲಿ ಎರಡು ಭಾಷೆಗಳ ಬಾಳುವೆ ಹೊಸದೇನಲ್ಲ. ಮನೆಯಲ್ಲಿ ತೆಲುಗು, ಶಾಲೆ-ಕಚೇರಿಗಳಲ್ಲಿ ಕನ್ನಡ, ಸಂತೆಯಲ್ಲಿ ಎರಡೂ ಎಂಬುದು ಇಲ್ಲಿನ ಅನೇಕ ಕುಟುಂಬಗಳ ರೂಢಿ. ಚಿಂತಾಮಣಿ ತಾಲ್ಲೂಕಿನ ಕೈವಾರದಲ್ಲಿ ನೆಲೆಸಿದ್ದ ನಾರೇಯಣ ಯತಿಗಳು, ಜನರ ಬಾಯಲ್ಲಿ ಕೈವಾರ ತಾತಯ್ಯನವರು, ತೆಲುಗಿನಲ್ಲೂ ಕನ್ನಡದಲ್ಲೂ ಪದಗಳನ್ನು ಕಟ್ಟಿದರು. ಹೀಗೆ ಒಂದು ಭಾಷೆಯಿಂದ ಇನ್ನೊಂದಕ್ಕೆ ಸಲೀಸಾಗಿ ದಾಟುವ ಜನರ ಬರಹ, ಒಂದು ಗಣಕಯಂತ್ರದಿಂದ ಇನ್ನೊಂದಕ್ಕೆ ದಾಟುವಾಗ ಮಾತ್ರ ಗುರುತು ಸಿಗದಷ್ಟು ಕೆಟ್ಟುಹೋಗುವುದುಂಟು. ಏಕೆ ಹೀಗೆ?

ಗಣಕದ ಎಲ್ಲ ಭಾಗಗಳನ್ನೂ ನಡೆಸುವ ಮೂಲ ತಂತ್ರಾಂಶವನ್ನು ಕಾರ್ಯಾಚರಣ ವ್ಯವಸ್ಥೆ ಎನ್ನುತ್ತಾರೆ. ನಮ್ಮ ಊರುಗಳ ಡಿ.ಟಿ.ಪಿ. ಅಂಗಡಿಗಳಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವುದು ವಿಂಡೋಸ್. ಫಿನ್ಲೆಂಡಿನ ವಿದ್ಯಾರ್ಥಿ ಲೈನಸ್ ಟೋರ್ವಾಲ್ಡ್ಸ್ 1991ರಲ್ಲಿ ಆರಂಭಿಸಿದ ಲಿನಕ್ಸ್ ಇನ್ನೊಂದು. ಇದನ್ನು ಹಣ ಕೊಡದೆ ಪಡೆಯಬಹುದು. ಇದರ ಹಗುರವಾದ ಆವೃತ್ತಿಗಳು ಹಳೆಯ ಯಂತ್ರದ ಮೇಲೂ ನಡೆಯುತ್ತವೆ. ವಿಮ್, ಈಮ್ಯಾಕ್ಸ್, ಲಿಬ್ರೆ ಆಫೀಸ್‌ನಂಥ ಬರವಣಿಗೆಯ ತಂತ್ರಾಂಶಗಳು ಎರಡೂ ವ್ಯವಸ್ಥೆಗಳಲ್ಲಿ ಸಿಗುತ್ತವೆ. ತಂತ್ರಾಂಶ ಒಂದೇ ಆದಮೇಲೆ ಕೆಲಸವೂ ಒಂದೇ ತೆರನಾಗಿ ನಡೆಯಬೇಕಲ್ಲವೇ ಎನಿಸುವುದು ಸಹಜ.

ಆದರೆ ಮದುವೆಮನೆಗೆ ಬರುವ ಅಡುಗೆಯವರನ್ನು ನೆನೆಯಿರಿ. ಅವರು ತರುವುದು ಕೈಚಳಕ ಮತ್ತು ನಾಲ್ಕು ಸೌಟು. ಒಲೆ, ನೀರು, ದಿನಸಿ ಎಲ್ಲವೂ ಮನೆಯವರದ್ದು. ಬರವಣಿಗೆಯ ತಂತ್ರಾಂಶವೂ ಹಾಗೆಯೇ. ಅಕ್ಷರದ ಆಕಾರ, ಒತ್ತಕ್ಷರದ ಜೋಡಣೆ, ಕೀಲಿಮಣೆಯ ವಿನ್ಯಾಸ ಇವುಗಳಿಗೆಲ್ಲ ಅದು ಬಹುಮಟ್ಟಿಗೆ ತಾನಿರುವ ವ್ಯವಸ್ಥೆಯನ್ನೇ ಅವಲಂಬಿಸುತ್ತದೆ. ಮನೆ ಬದಲಾದಾಗ ಯಾವುದು ಕೊರತೆ ಬಿದ್ದರೂ ಅಡುಗೆ ಕೆಡುತ್ತದೆ.

ಅಕ್ಷರವೋ, ಚಿತ್ರವೋ?

ಗಣಕಕ್ಕೆ ತಿಳಿಯುವುದು ಸಂಖ್ಯೆ ಮಾತ್ರ. ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆಯನ್ನು ಗೊತ್ತುಮಾಡಿರುತ್ತಾರೆ. ಹಿಂದಿನ ಪದ್ಧತಿಯಲ್ಲಿ ಒಂದು ಫಾಂಟಿಗೆ 256 ಮನೆಗಳು ಮಾತ್ರ ಇದ್ದವು, ಅವುಗಳಲ್ಲಿ ಇಂಗ್ಲಿಷ್ ಆಗಲೇ ಕುಳಿತಿತ್ತು. ಕನ್ನಡದ ಗುಣಿತಾಕ್ಷರ, ಒತ್ತಕ್ಷರಗಳನ್ನೆಲ್ಲ ಇಡಲು ಅಲ್ಲಿ ಜಾಗವಿಲ್ಲ. ಆದ್ದರಿಂದ ನಮ್ಮ ತಂತ್ರಜ್ಞರು ಒಂದು ಉಪಾಯ ಹೂಡಿದರು. ಅಕ್ಷರವನ್ನು ತುಂಡುಗಳಾಗಿ ಬಿಡಿಸಿ, ಆ ತುಂಡುಗಳ ಚಿತ್ರಗಳನ್ನು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಮನೆಗಳಲ್ಲಿ ಕೂರಿಸಿದರು. ಶೇಷಾದ್ರಿವಾಸು ಚಂದ್ರಶೇಖರನ್ 1998ರಲ್ಲಿ ಹೊರತಂದ ‘ಬರಹ’, ಕನ್ನಡ ಗಣಕ ಪರಿಷತ್ತು ರೂಪಿಸಿದ ‘ನುಡಿ’ ಈ ಬಗೆಯ ಫಾಂಟುಗಳಿಂದಲೇ ಮನೆಮಾತಾದವು. ಅಂದಿನ ಇಕ್ಕಟ್ಟಿನಲ್ಲಿ ಅದು ದೊಡ್ಡ ಸಾಧನೆಯೇ ಸರಿ.

ನುಡಿ ಫಾಂಟಿನಲ್ಲಿ 80ನೆಯ ಮನೆಯಲ್ಲಿ ತಲೆಕಟ್ಟಿಲ್ಲದ ‘ಕ’ ಇದೆ, 192ರಲ್ಲಿ ತಲೆಕಟ್ಟು. ಎರಡೂ ಕೂಡಿದರೆ ಪರದೆಯ ಮೇಲೆ ‘ಕ’ ಮೂಡುತ್ತದೆ. ಆದರೆ ಲೋಕದ ಉಳಿದ ಗಣಕಗಳ ಲೆಕ್ಕದಲ್ಲಿ 80 ಎಂದರೆ ಇಂಗ್ಲಿಷಿನ ‘ಪಿ’, 192 ಎಂದರೆ ತಲೆಯ ಮೇಲೆ ಗೀರುಳ್ಳ ‘ಎ’. ಆದ್ದರಿಂದ ನುಡಿ ಫಾಂಟ್ ಇಲ್ಲದ ಗಣಕದಲ್ಲಿ ‘ಕನ್ನಡ’ ಎಂಬ ಪದವೇ ಒಂದು ‘ಪಿ’, ಗೀರುಳ್ಳ ‘ಎ’, ಬ್ರಿಟನ್ನಿನ ಪೌಂಡಿನ ಗುರುತು ಎಂದು ಆರಂಭವಾಗುತ್ತದೆ! ಬರಹ ಅಳಿಸಿಹೋಗಿಲ್ಲ, ಅದನ್ನು ಓದುವ ಕನ್ನಡಕ ಮಾತ್ರ ಹಳೆಯ ಯಂತ್ರದಲ್ಲೇ ಉಳಿದಿದೆ. ಶ್ರೀಲಿಪಿಯಂಥ ಇತರ ತಂತ್ರಾಂಶಗಳ ಲೆಕ್ಕವೇ ಬೇರೆ. ಅದಕ್ಕೆ ಬೇರೆ ಕನ್ನಡಕ ಬೇಕು.

ಒಂದೇ ಬೀದಿಯ ಎರಡು ಮನೆ

ಇದಕ್ಕೆ ಪರಿಹಾರ ಯುನಿಕೋಡ್. 1991ರಲ್ಲಿ ಹೊರಬಂದ ಇದರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಸ್ಥಾನ ಸಿಕ್ಕಿತು. ಲೋಕದ ಲಿಪಿಗಳಿಗೆಲ್ಲ ಬೇರೆ ಬೇರೆ ಸಂಖ್ಯೆ ಕೊಡುವ ಈ ಏರ್ಪಾಡಿನಲ್ಲಿ 3072ರಿಂದ 3199ರವರೆಗೆ ತೆಲುಗು, 3200ರಿಂದ 3327ರವರೆಗೆ ಕನ್ನಡ. ಅಲ್ಲಿಯೂ ಇಬ್ಬರೂ ನೆರೆಮನೆಯವರೇ! ತೆಲುಗಿನ ‘ಕ’ 3093 ಆದರೆ ಕನ್ನಡದ ‘ಕ’ 3221. ನಡುವೆ ಸರಿಯಾಗಿ 128. ಎರಡೂ ಭಾಷೆಗಳಿಗೆ ಸಮಾನವಾದ ಅಕ್ಷರಗಳಲ್ಲೆಲ್ಲ ಇದೇ ಅಂತರ. ಭಾರತೀಯ ಲಿಪಿಗಳ ಸಮಾನ ಅಕ್ಷರಗಳನ್ನು ಸಮಾನ ಸ್ಥಾನದಲ್ಲಿಟ್ಟಿದ್ದ ನಮ್ಮ ದೇಶದ ಹಿಂದಿನ ಸಂಕೇತ ಪದ್ಧತಿಯನ್ನೇ ಯುನಿಕೋಡ್ ಅನುಸರಿಸಿದ್ದರ ಫಲ ಇದು. ತಾತಯ್ಯನವರ ತೆಲುಗು ಪದ, ಅದಕ್ಕೆ ಕನ್ನಡದ ಅರ್ಥ, ಎರಡೂ ಒಂದೇ ಕಡತದಲ್ಲಿ ತಮ್ಮ ತಮ್ಮ ಲಿಪಿಯಲ್ಲಿ ಇರಬಹುದು. ಫಾಂಟ್ ಕಳೆದರೂ ಯಾವುದು ತೆಲುಗು, ಯಾವುದು ಕನ್ನಡ ಎಂಬ ಗುರುತು ಕಳೆಯುವುದಿಲ್ಲ.

ಸಂಖ್ಯೆ ಸರಿಯಾಗಿದ್ದರಷ್ಟೇ ಸಾಲದು. ‘ಕ್ಷ’ ಬರೆಯಲು ಗಣಕದಲ್ಲಿ ಇರುವುದು ಕ, ಹಲಂತ, ಷ ಎಂಬ ಮೂರು ಸಂಕೇತ. ಇವನ್ನು ಕೂಡಿಸಿ ಒಂದೇ ಆಕಾರವಾಗಿ ತೋರಿಸುವುದು ವ್ಯವಸ್ಥೆಯ ಕೆಲಸ. ವಿಂಡೋಸ್‌ನಲ್ಲಿ 2001ರ ಎಕ್ಸ್‌ಪಿ ಆವೃತ್ತಿಯೊಡನೆ ‘ತುಂಗಾ’ ಎಂಬ ಯುನಿಕೋಡ್ ಫಾಂಟ್ ಬಂದಿತು. ಲಿನಕ್ಸಿಗೆ ಲೋಹಿತ್, ನೋಟೊ ಮೊದಲಾದ ಉಚಿತ ಕನ್ನಡ ಫಾಂಟುಗಳಿವೆ. ಆದರೂ ವಿಮ್‌ನಂಥ ತಂತ್ರಾಂಶವನ್ನು ‘ಟರ್ಮಿನಲ್’ ಎಂಬ ಕಪ್ಪು ಪರದೆಯಲ್ಲಿ ನಡೆಸಿದಾಗ ಒತ್ತಕ್ಷರಗಳು ಬಿಡಿಬಿಡಿಯಾಗಿ ಕಾಣಬಹುದು. ಆ ಪರದೆ ಇಂಗ್ಲಿಷಿಗೆಂದು ಸಮ ಅಳತೆಯ ಚೌಕಗಳಾಗಿ ವಿಂಗಡವಾಗಿರುವುದೇ ಕಾರಣ. ಕನ್ನಡಕ್ಕೆ ಪ್ರತ್ಯೇಕ ಕಿಟಕಿಯಲ್ಲಿ ತೆರೆಯುವ ತಂತ್ರಾಂಶವೇ ಮೇಲು.

ಬೆರಳಿನ ರೂಢಿ, ಸಾಲಿನ ತುದಿ

ವ್ಯವಸ್ಥೆ ಬದಲಿಸಲು ಹೊರಟವರು ಹೆಚ್ಚು ಹೆದರುವುದು ಕೀಲಿಮಣೆಗೆ. ವರ್ಷಗಟ್ಟಲೆ ನುಡಿಯಲ್ಲಿ ಟೈಪು ಮಾಡಿದ ಬೆರಳುಗಳಿಗೆ ಹೊಸ ಪಾಠ ಕಷ್ಟ. ಇಲ್ಲಿ ಸಂತೋಷದ ಸುದ್ದಿಯಿದೆ. ಕೆ.ಪಿ. ರಾವ್ ಅವರ ವಿನ್ಯಾಸವನ್ನು ಆಧರಿಸಿದ ನುಡಿಯ ಕೀಲಿಮಣೆ ‘ಕಗಪ’ ಎಂಬ ಹೆಸರಿನಲ್ಲಿ ಲಿನಕ್ಸಿನ ಕೀಲಿಮಣೆಗಳ ಪಟ್ಟಿಯಲ್ಲಿ ಸೇರಿದೆ. ಕಗಪ ಎಂದರೆ ಕನ್ನಡ ಗಣಕ ಪರಿಷತ್ತು. ಅಷ್ಟೇ ಅಲ್ಲ, ತೆಲುಗು, ಹಿಂದಿ, ಮರಾಠಿ, ಸಂಸ್ಕೃತಗಳಿಗೂ ಅಲ್ಲಿ ಕಗಪ ವಿನ್ಯಾಸವಿದೆ. ಕನ್ನಡ ಟೈಪು ಬಲ್ಲವರು ಅದೇ ಬೆರಳಿನ ರೂಢಿಯಲ್ಲಿ ತೆಲುಗನ್ನೂ ಬರೆಯಬಹುದು.

ಇನ್ನೊಂದು ತೊಡಕು ಸಾಲಿನ ತುದಿಯದು. ಟೈಪ್‌ರೈಟರಿನಲ್ಲಿ ಸಾಲು ಮುಗಿದಾಗ ಗಾಡಿಯನ್ನು ಮೊದಲಿಗೆ ತಳ್ಳಬೇಕು, ಕಾಗದವನ್ನು ಒಂದು ಸಾಲು ಮೇಲಕ್ಕೆ ಸರಿಸಬೇಕು. ಈ ಎರಡು ಕ್ರಿಯೆಗಳ ನೆನಪಾಗಿ ವಿಂಡೋಸ್ ಪ್ರತಿ ಸಾಲಿನ ಕೊನೆಗೆ 13 ಮತ್ತು 10 ಎಂಬ ಎರಡು ಸಂಕೇತ ಇಡುತ್ತದೆ. ಲಿನಕ್ಸಿಗೆ 10 ಒಂದೇ ಸಾಕು. ಈ ಕಾರಣದಿಂದ ಲಿನಕ್ಸಿನಲ್ಲಿ ಬರೆದ ಕಡತವನ್ನು ವಿಂಡೋಸ್‌ನ ನೋಟ್‌ಪ್ಯಾಡಿನಲ್ಲಿ ತೆರೆದರೆ ಸಾಲುಗಳೆಲ್ಲ ಒಂದಕ್ಕೊಂದು ಅಂಟಿಕೊಂಡು ಕಾಣುತ್ತಿದ್ದವು. ನೋಟ್‌ಪ್ಯಾಡ್ ತಿದ್ದುಪಡಿಯಾದದ್ದು 2018ರಲ್ಲಿ.

ಹಳೆಯ ಕಡತಗಳ ಗತಿ

ಹೊಸದಾಗಿ ಬರೆಯುವವರಿಗೆ ದಾರಿ ಸುಗಮ: ಯುನಿಕೋಡಿನಲ್ಲಿ ಬರೆದು, ‘ಯುಟಿಎಫ್-8’ ಎಂಬ ಬಗೆಯಲ್ಲಿ ಉಳಿಸಿದರೆ ಯಾವ ವ್ಯವಸ್ಥೆಯಲ್ಲೂ ಅಕ್ಷರ ಕೆಡದು. ಚಿಂತೆಯಿರುವುದು ಹಳೆಯ ಕಡತಗಳದ್ದು. ಊರದೇವರ ಜಾತ್ರೆಯ ಸ್ಮರಣಸಂಚಿಕೆ, ಮನೆತನದ ವಂಶಾವಳಿ, ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ 1938ರಲ್ಲಿ ನಡೆದ ಗೋಲೀಬಾರಿನಂಥ ಘಟನೆಗಳ ಬಗ್ಗೆ ಹಿರಿಯರು ಹೇಳಿ ಬರೆಸಿದ ನೆನಪು, ಇಂಥವು ದೊಡ್ಡ ಗ್ರಂಥಾಲಯಗಳಿಗೆ ಸೇರುವುದು ಅಪರೂಪ. ಅಚ್ಚಾದ ಪ್ರತಿಗಳು ಹರಿದುಹೋದ ಮೇಲೆ ಉಳಿಯುವುದು ಡಿ.ಟಿ.ಪಿ. ಅಂಗಡಿಯ ಹಳೆಯ ಯಂತ್ರದಲ್ಲಿರುವ ಕಡತವೊಂದೇ. ಆ ಯಂತ್ರ ಗುಜರಿಗೆ ಹೋದರೆ ಅದೂ ಹೋಯಿತು.

ಇವನ್ನು ಯುನಿಕೋಡಿಗೆ ಬದಲಿಸುವ ಪರಿವರ್ತಕ ತಂತ್ರಾಂಶಗಳು ಇವೆ. ಆದರೆ ಅವನ್ನು ಕಣ್ಣುಮುಚ್ಚಿ ನಂಬುವಂತಿಲ್ಲ. ಹಳೆಯ ಪದ್ಧತಿಯಲ್ಲಿ ‘ಸೂರ್ಯ’ ಎಂಬಲ್ಲಿ ಅರ್ಕಾವತ್ತು ‘ಯ’ ಆದಮೇಲೆ ಬರುತ್ತದೆ. ಯುನಿಕೋಡಿನಲ್ಲಿ ‘ರ’ ಮೊದಲು ಬರಬೇಕು. ಕಡತದ ನಡುವೆ ಇಂಗ್ಲಿಷ್ ಹೆಸರುಗಳಿದ್ದರೆ, ಪರಿವರ್ತಕ ಅವನ್ನೂ ಕನ್ನಡದ ತುಂಡುಗಳೆಂದು ಭ್ರಮಿಸಿ ಕಲಸಿಬಿಡಬಹುದು. ಆದ್ದರಿಂದ ಮೂಲ ಕಡತವನ್ನೂ ಅದರ ಫಾಂಟನ್ನೂ ಜೋಪಾನವಾಗಿ ಎತ್ತಿಟ್ಟು, ಪ್ರತಿಯೊಂದನ್ನು ಮಾತ್ರ ಪರಿವರ್ತಿಸಿ, ಹಳೆಯ ಯಂತ್ರ ನಡೆಯುತ್ತಿರುವಾಗಲೇ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಕರಡು ತಿದ್ದಬೇಕು.

ತಾಳೆಗರಿಯನ್ನು ಹುಳ ತಿನ್ನುವ ಮೊದಲೇ ನಮ್ಮ ಹಿರಿಯರು ಹೊಸ ಗರಿಯ ಮೇಲೆ ಪ್ರತಿ ಎತ್ತಿಕೊಳ್ಳುತ್ತಿದ್ದರು. ಆ ಶ್ರಮದಿಂದಲೇ ಹಳಗನ್ನಡದ ಎಷ್ಟೋ ಕೃತಿಗಳು ನಮ್ಮವರೆಗೆ ಬಂದಿವೆ. ಗಣಕದ ಕಾಲದಲ್ಲೂ ಪ್ರತಿ ಎತ್ತುವ ಕೆಲಸ ತಪ್ಪಿಲ್ಲ. ವಿಂಡೋಸೋ ಲಿನಕ್ಸೋ ಎಂಬುದು ಅವರವರ ಅನುಕೂಲ. ಹಳೆಯ ಯಂತ್ರವನ್ನು ಮಾರುವ ಮೊದಲು ಅದರೊಳಗಿನ ಕನ್ನಡವನ್ನು ಹೊರಗೆ ತೆಗೆದಿಡುವುದು ಮಾತ್ರ ಎಲ್ಲರ ಹೊಣೆ.