ಮಂಜಿಗೆ ಮಂಗಳೂರೇ ಏಕೆ?

ಮಂಗಳೂರಿನ ಹಳೆ ಬಂದರಿನಲ್ಲಿ ಮಂಜಿ ಎಂಬ ಮರದ ಹಡಗಿಗೆ ಸರಕು ತುಂಬುವುದನ್ನು ನೋಡುತ್ತ ನಿಂತರೆ ಹೊತ್ತು ಹೋದದ್ದೇ ತಿಳಿಯದು. ಅಕ್ಕಿ, ಈರುಳ್ಳಿ, ಸಿಮೆಂಟು, ಜಲ್ಲಿ ಎಲ್ಲವೂ ಹಮಾಲಿಗಳ ತಲೆಯೇರಿ, ಹಲಗೆ ದಾಟಿ, ಮಂಜಿಯ ಹೊಟ್ಟೆ ಸೇರುತ್ತವೆ. ಹೋಗುವುದು ಲಕ್ಷದ್ವೀಪಕ್ಕೆ. ಅಲ್ಲಿನವರ ಮಾತು ಹೆಚ್ಚಾಗಿ ಮಲಯಾಳ, ಹೈಕೋರ್ಟು ಕೇರಳದ್ದು. ಬೇಪೂರಿನಂಥ ಬಂದರು ಅತ್ತ ಇದ್ದರೂ ಸಾಮಾನಿಗೆ ಮಂಗಳೂರಿಗೇಕೆ ಬರಬೇಕು?

ಉತ್ತರ ಟಿಪ್ಪುವಿನ ಕಾಲದಲ್ಲಿದೆ. ಕಣ್ಣೂರಿನ ಅರಕ್ಕಲ್ ಮನೆತನದ ಆಳ್ವಿಕೆಯಿಂದ ಬೇಸತ್ತ ಅಮಿನಿ ದ್ವೀಪದವರು 1787ರಲ್ಲಿ ಟಿಪ್ಪುವಿನ ಮೊರೆಹೋದರು. ಅಮಿನಿ, ಕದ್ಮತ್, ಕಿಲ್ತಾನ್, ಚೆತ್ಲತ್, ಬಿತ್ರ ದ್ವೀಪಗಳು ಮೈಸೂರಿನ ವಶಕ್ಕೆ ಬಂದವು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಅವು ಈಸ್ಟ್ ಇಂಡಿಯಾ ಕಂಪನಿಯ ಕೈಸೇರಿ, ಕೆನರಾ ಜಿಲ್ಲೆಯ ಭಾಗವಾದವು. ದ್ವೀಪದವರು ಕತ್ತ, ಅಂದರೆ ತೆಂಗಿನ ನಾರು, ತಂದು ಮಂಗಳೂರಿನಲ್ಲಿ ಸರ್ಕಾರಕ್ಕೆ ಒಪ್ಪಿಸಬೇಕಿತ್ತು, ಬದಲಿಗೆ ಅಕ್ಕಿ ಒಯ್ಯಬೇಕಿತ್ತು. ಬೆಲೆ ಸರ್ಕಾರ ಹೇಳಿದ್ದೇ. ಈ ವ್ಯಾಪಾರದಲ್ಲಿ ನ್ಯಾಯ ಎಷ್ಟಿತ್ತೆಂದು ಬಿಡಿಸಿ ಹೇಳಬೇಕಿಲ್ಲ. 1956ರ ನವೆಂಬರ್ 1ರಂದು ದ್ವೀಪಗಳು ಕೇಂದ್ರಾಡಳಿತಕ್ಕೆ ಹೋದವು. ಕಚೇರಿಯ ನಂಟು ಕಡಿಯಿತು, ಅಂಗಡಿಯ ನಂಟು ಉಳಿಯಿತು.

ಮಂಜಿ ಸ್ಟೀಮರಿಗೂ ಸೋಲಲಿಲ್ಲ. 1865ರಲ್ಲಿ ಬಾಸೆಲ್ ಮಿಷನ್ನಿನ ಪ್ಲೆಬ್ಸ್ಟ್ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಆರಂಭಿಸಿದ ಮೇಲೆ ಇಲ್ಲಿನ ಹೆಂಚು ಕಡಲಾಚೆಗೂ ಹೋಯಿತು, ಜೊತೆಗೆ ಘಟ್ಟದ ಕಾಫಿ. ಆದರೆ ನೇತ್ರಾವತಿ, ಗುರುಪುರ ನದಿಗಳು ಕಡಲು ಸೇರುವ ಅಳಿವೆಯಲ್ಲಿ ಮರಳಿನ ದಿಬ್ಬ. ದೊಡ್ಡ ಸ್ಟೀಮರು ಒಳಬರುವಂತಿಲ್ಲ. ಹೊರಗಡಲಲ್ಲಿ ಲಂಗರು ಹಾಕಿ ಕಾಯಬೇಕು, ಸಣ್ಣ ದೋಣಿಗಳು ಸರಕನ್ನು ಅಲ್ಲಿಗೆ ಮುಟ್ಟಿಸಬೇಕು. ಮಳೆಗಾಲದಲ್ಲಿ ಅದೂ ಬಂದ್.

ಈ ತೊಡಕು ನೀಗಿದ್ದು ಪಣಂಬೂರಿನಲ್ಲಿ ನೆಲ ಅಗೆದು ಹೊಸ ಬಂದರು ಕಟ್ಟಿದಾಗ. ಅದಕ್ಕಾಗಿ ದುಡಿದ ಸಂಸದ ಉಳ್ಳಾಲ ಶ್ರೀನಿವಾಸ ಮಲ್ಯರು 1965ರಲ್ಲೇ ತೀರಿಕೊಂಡರು. 1975ರ ಜನವರಿಯಲ್ಲಿ ಇಂದಿರಾ ಗಾಂಧಿ ಉದ್ಘಾಟಿಸಿದರು. ದೊಡ್ಡ ಹಡಗುಗಳು ಅತ್ತ ಹೋದವು. ಹಳೆ ಬಂದರಿನಲ್ಲಿ ಮೀನಿನ ಬೋಟುಗಳೂ ಮಂಜಿಗಳೂ ಉಳಿದವು. ಮಂಜಿಯಲ್ಲಿ ಹಾಯಿಯ ಜಾಗಕ್ಕೆ ಡೀಸೆಲ್ ಎಂಜಿನ್ ಬಂದಿದೆ. ಮಳೆಗಾಲದ ರಜೆ ಮಾತ್ರ ಹಾಗೆಯೇ ಇದೆ.

ಹಳತಾದ ಹಡಗನ್ನು ಉಳಿಸಿಕೊಳ್ಳಲು ಮಾದರಿಯೊಂದಿದೆ. ಕಾರವಾರದಲ್ಲಿ ನಿವೃತ್ತ ಯುದ್ಧನೌಕೆ ಐಎನ್ಎಸ್ ಚಪಲ್ ಅನ್ನು ಕಡಲತೀರದಲ್ಲಿ ನಿಲ್ಲಿಸಿ 2006ರಿಂದ ಸಂಗ್ರಹಾಲಯವಾಗಿಸಿದ್ದಾರೆ. ಮಕ್ಕಳು ಒಳಗೆ ಇಳಿದು ನಾವಿಕರ ಇಕ್ಕಟ್ಟಿನ ಕೋಣೆಗಳನ್ನು ನೋಡುತ್ತಾರೆ. ಯುದ್ಧನೌಕೆಗೆ ಸಿಕ್ಕ ಈ ಮರ್ಯಾದೆ ಅಕ್ಕಿ ಹೊತ್ತ ಮಂಜಿಗೂ ಸಿಗಬೇಕು. ದುಡಿದು ಹಳತಾದ ಒಂದನ್ನಾದರೂ ಒಡೆದು ಮಾರುವ ಮೊದಲು ದಡಕ್ಕೆಳೆದು, ಚುಕ್ಕಾಣಿ ತಿರುಗಿಸಿ ನೋಡಲು, ಹಗ್ಗದ ಗಂಟು ಹಾಕಿ ಕಲಿಯಲು ಮಕ್ಕಳಿಗೆ ಬಿಟ್ಟರೆ ಸಾಕು. ಗಂಟು ಕಲಿಸಲು ಮಂಜಿ ನಡೆಸಿದ ಹಳೆಯ ತಂಡೇಲರು ಇನ್ನೂ ಇದ್ದಾರೆ. ಅಲ್ಲಿಯವರೆಗೆ, ಸರಕು ಏರುವುದನ್ನು ನೋಡುವ ಆಸೆಯಿದ್ದವರು ಮಳೆಗಾಲ ಮುಗಿದ ಮೇಲೆ ಬಂದರಿನವರನ್ನು ಕೇಳಿಕೊಂಡು ಹೋಗಿ.