ಹಳಗನ್ನಡ ಪದ್ಯಪಾಠದ ಕ್ರಮ

ಹಳಗನ್ನಡ ಪದ್ಯವನ್ನು ಬೋಧಿಸುವ ಉಪಾಧ್ಯಾಯರಿಗೆ ಎದುರಾಗುವ ಮೊದಲ ತೊಡಕು ಭಾಷೆಯ ಕಾಠಿನ್ಯವಲ್ಲ, ವಿದ್ಯಾರ್ಥಿಗಳ ಔದಾಸೀನ್ಯ. ಕನ್ನಡವೇ ಮನೆಮಾತಾದ ಹುಡುಗನೂ ಕ್ರಿ. ಶ. 941ರ ಸುಮಾರಿನ ಪಂಪಭಾರತವನ್ನು ಅನ್ಯಭಾಷೆಯ ಗ್ರಂಥವೆಂಬಂತೆ ನೋಡುತ್ತಾನೆ. ಪದಚ್ಛೇದ, ಅನ್ವಯ, ತಾತ್ಪರ್ಯಗಳನ್ನು ಉಪಾಧ್ಯಾಯರು ಬರೆಯಿಸುತ್ತಾರೆ. ಅವನು ಬಾಯಿಪಾಠ ಮಾಡಿ ಪರೀಕ್ಷೆಯಲ್ಲಿ ಒಪ್ಪಿಸುತ್ತಾನೆ. ಪದ್ಯವು ಅವನ ಕಿವಿಗೂ ಬೀಳಲಿಲ್ಲ, ಬುದ್ಧಿಗೂ ಕೆಲಸ ಕೊಡಲಿಲ್ಲ. ಹೀಗೆಯೇ ನಡೆದರೆ ಸಾವಿರ ವರ್ಷಗಳ ವಾಙ್ಮಯವು ಕೆಲವೇ ಪಂಡಿತರ ಸ್ವತ್ತಾಗಿ ಉಳಿದೀತು. ಆದಕಾರಣ ಬೋಧನಕ್ರಮವನ್ನು ಕುರಿತು ಕೆಲವು ಮಾತುಗಳನ್ನು ಇಲ್ಲಿ ನಿವೇದಿಸಲಾಗಿದೆ.

ಮೊದಲನೆಯದು ವಾಚನ. ಅರ್ಥಕ್ಕೆ ಮುಂಚೆ ಪದ್ಯದ ನಡೆ ಕಿವಿಗೆ ಹತ್ತಬೇಕು. ಕಂದಪದ್ಯದ 1, 3ನೆಯ ಪಾದಗಳಲ್ಲಿ 4 ಮಾತ್ರೆಯ ಗಣಗಳು ಮೂರು. 2, 4ನೆಯ ಪಾದಗಳಲ್ಲಿ ಐದು. ಒಟ್ಟು 64 ಮಾತ್ರೆ. ಭಾಮಿನಿಯಲ್ಲಾದರೋ 3, 4 ಮಾತ್ರೆಗಳ ಗಣಗಳು ಒಂದನ್ನೊಂದು ಹಿಂಬಾಲಿಸಿ, ಚಿಕ್ಕ ಪಾದಗಳಿಗೆ 14, ದೊಡ್ಡ ಪಾದಗಳಿಗೆ 23 ಮಾತ್ರೆಗಳಾಗುತ್ತವೆ. ಈ ಲಕ್ಷಣವನ್ನು ಹೇಳಿ ಬರೆಯಿಸುವುದಕ್ಕಿಂತ ಕೈತಾಳದಿಂದ ಎಣಿಸಿಸುವುದು ಲೇಸು. ಗಣ ಮುಗಿಯುವಲ್ಲಿಯೇ ಪದವೂ ಮುಗಿಯಬೇಕೆಂಬ ನಿಯಮವಿಲ್ಲ. ಆದುದರಿಂದ ಒಮ್ಮೆ ತಾಳಕ್ಕನುಸಾರವಾಗಿಯೂ ಮತ್ತೊಮ್ಮೆ ಅರ್ಥಕ್ಕನುಸಾರವಾಗಿಯೂ ಓದಬೇಕು. ಈ ಎರಡು ಓದುಗಳ ಅಂತರವನ್ನು ಕಂಡುಕೊಂಡ ವಿದ್ಯಾರ್ಥಿಯು ಪದಚ್ಛೇದವನ್ನು ಅರ್ಧ ಮಾಡಿ ಮುಗಿಸಿದಂತೆಯೇ ಸರಿ.

ಎರಡನೆಯದು ಶಬ್ದಾರ್ಥ. ‘ಪಾಲ್ ಎಂದರೆ ಹಾಲು’ ಎಂದು ಉಪಾಧ್ಯಾಯರೇ ಹೇಳಿಬಿಟ್ಟರೆ ಒಂದು ಪದ ಮಾತ್ರ ತಿಳಿಯುತ್ತದೆ. ಪಾಲ್, ಪುಲಿ, ಪಗಲ್, ಪಾವು, ಪಂದಿ ಎಂಬ ಐದನ್ನು ಕರಿಹಲಗೆಯ ಮೇಲೆ ಬರೆದು, ಇವುಗಳ ಇಂದಿನ ರೂಪಗಳನ್ನು ಕೇಳಿದರೆ ನಿಯಮವನ್ನು ಮಕ್ಕಳೇ ಕಂಡುಹಿಡಿಯುತ್ತಾರೆ. ತೆಲುಗನ್ನು ಬಲ್ಲ ಕೋಲಾರ, ಬಳ್ಳಾರಿ ಸೀಮೆಯ ಹುಡುಗರಿಗೆ ಪಾಲು, ಪುಲಿ, ಪಂದಿ ಎಂಬಿವು ಪರಿಚಿತವೇ ಆಗಿವೆ. ಅವರು ಇಲ್ಲಿ ಇತರರಿಗೆ ಸಹಾಯಕರಾಗಬಲ್ಲರು. ಬಳಿಕ ‘ಪರ್ವತ’, ‘ಪುಷ್ಪ’ಗಳೂ ‘ಉಪ್ಪು’, ‘ತುಪ್ಪ’ಗಳೂ ಏಕೆ ಮಾರ್ಪಡಲಿಲ್ಲವೆಂದು ಕೇಳಬೇಕು. ಮೊದಲಿನವು ಸಂಸ್ಕೃತದಿಂದ ಬಂದವು, ಕಡೆಯವುಗಳಲ್ಲಿ ಪಕಾರಕ್ಕೆ ದ್ವಿತ್ವವುಂಟು ಎಂಬ ಉತ್ತರವು ತರಗತಿಯಿಂದಲೇ ಹೊರಡುತ್ತದೆ.

ಇದೇ ರೀತಿಯಲ್ಲಿ ಲುಪ್ತವಾದ ಅಕ್ಷರಗಳನ್ನೂ ಪರಿಚಯ ಮಾಡಿಕೊಡಬಹುದು. ‘ಕರೆ’ ಎಂದರೆ ಕೂಗು, ‘ಕಱೆ’ ಎಂದರೆ ಹಾಲು ಹಿಂಡು; ಶಕಟರೇಫವು ಹೋದಮೇಲೆ ಎರಡೂ ಒಂದೇ ಆದವು. ‘ಬಿೞ್ದು’ ಎಂಬುದು ‘ಬಿರ್ದು’ ಆಗಿ, ಕೊನೆಗೆ ನಮ್ಮ ‘ಬಿದ್ದು’ ಆಯಿತು. 13ನೆಯ ಶತಮಾನದ ಕೇಶಿರಾಜನು ರಳ, ಕುಳ, ಕ್ಷಳಗಳ ಭೇದವನ್ನು ಏಕೆ ಅಷ್ಟು ಶ್ರದ್ಧೆಯಿಂದ ವಿಚಾರಿಸಿದನೆಂಬುದು ಆಗ ಮನವರಿಕೆಯಾಗುತ್ತದೆ. ವ್ಯಾಕರಣವು ಶಿಕ್ಷೆಯೆಂದು ತೋರದೆ ತಮ್ಮ ಮಾತಿನ ಚರಿತ್ರೆಯೆಂದು ತೋರುತ್ತದೆ.

ಮೂರನೆಯದು ಪ್ರಶ್ನೆ. ‘ಈ ಪದ್ಯದ ಸಾರಾಂಶವೇನು?’ ಎಂಬುದಕ್ಕೆ ಬರೆಯಿಸಿದ ಉತ್ತರವೇ ಹಿಂತಿರುಗಿ ಬರುತ್ತದೆ. ರನ್ನನ ಗದಾಯುದ್ಧದಲ್ಲಿ ರಣರಂಗವನ್ನು ಹಾದುಹೋಗುವ ದುರ್ಯೋಧನನು ತನ್ನವರ ಕಳೇಬರಗಳನ್ನು ಕಂಡು ಶೋಕಿಸುವುದಲ್ಲದೆ ಶತ್ರುಪುತ್ರನಾದ ಅಭಿಮನ್ಯುವಿನ ಶೌರ್ಯವನ್ನೂ ಮೆಚ್ಚುತ್ತಾನೆ. ಸೋತವನ ಬಾಯಿಂದ ಈ ಮೆಚ್ಚಿಕೆಯನ್ನು ಕವಿಯು ನುಡಿಯಿಸಿದುದೇಕೆ ಎಂದು ಕೇಳಿದರೆ, ಉತ್ತರಕ್ಕಾಗಿ ವಿದ್ಯಾರ್ಥಿಯು ಪದ್ಯಕ್ಕೇ ಮರಳಬೇಕಾಗುತ್ತದೆ. ಅಭಿಪ್ರಾಯಗಳು ಭಿನ್ನವಾಗಲಿ; ಪ್ರತಿಯೊಬ್ಬನೂ ತನ್ನ ಮಾತಿಗೆ ಆಧಾರವಾದ ಪದವನ್ನು ಎತ್ತಿ ತೋರಿಸಿದರೆ ಸಾಕು.

ಇದಕ್ಕೆಲ್ಲ ಕಾಲವೆಲ್ಲಿ ಎಂಬ ಆಕ್ಷೇಪಣೆಯು ಸಹಜವಾದುದೇ. ಆರಂಭದಲ್ಲಿ ಪಾಠವು ನಿಧಾನವಾಗುವುದು ನಿಜ. ಊಹೆಗೆ ನಿಲುಕದ ಪದಗಳನ್ನು ಉಪಾಧ್ಯಾಯರೇ ಹೇಳಬೇಕಾದುದೂ ನಿಜ. ಆದರೆ ಬರೆಯಿಸಿದ ಅರ್ಥವು ಆ ಒಂದು ಪದ್ಯಕ್ಕೆ ಮಾತ್ರ ಸಲ್ಲುತ್ತದೆ. ಕಂಡುಕೊಂಡ ನಿಯಮವು ಮುಂದಿನ ನೂರು ಪದ್ಯಗಳಿಗೆ ಒದಗುತ್ತದೆ. ಉಪಾಧ್ಯಾಯರು ಜೊತೆಗಿಲ್ಲದಾಗ ವಿದ್ಯಾರ್ಥಿಯು ತಾನಾಗಿ ಒಂದು ಹೊಸ ಪದ್ಯವನ್ನು ಬಿಡಿಸಿ ಓದಬಲ್ಲನೇ ಎಂಬುದೊಂದೇ ಬೋಧನೆಯ ನಿಜವಾದ ಒರೆಗಲ್ಲು.